ಡೈರಿಯಲ್ಲಿ ಓದಿದ ಚೀಟಿಗಳು

ಹೊಸದಾಗಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ನನ್ನನ್ನು ಕೇಳುವ ಮೊದಲ ಪ್ರಶ್ನೆ ಒಂದೇ: "ಮೇಡಂ, ನರ ಸಿಗದೇ ಇದ್ರೆ ಏನ್ ಮಾಡೋದು?"

ನರ ಸಿಗುತ್ತದೆ ಕಣ್ರಪ್ಪಾ. ಎಡಗೈಯಲ್ಲಿ ಸಿಗದಿದ್ದರೆ ಬಲಗೈಯಲ್ಲಿ ಸಿಗುತ್ತದೆ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಇಟ್ಟು, ಮುಷ್ಟಿ ಬಿಗಿಸಿ ಬಿಚ್ಚಿಸಿ, ಮನೆಯಲ್ಲಿ ಹಸು ಎಷ್ಟಿವೆ, ಮಕ್ಕಳು ಎಷ್ಟು ಜನ ಅಂತ ಎರಡು ಮಾತಾಡಿಸಿದರೆ ಎಂಥ ದಪ್ಪ ತೋಳಿನಲ್ಲೂ ಸಿಗುತ್ತದೆ. ಮೂವತ್ತೊಂದು ವರ್ಷ ಜನರ ತೋಳು ಹಿಡಿದವಳು ನಾನು. ಸೂಜಿ ಚುಚ್ಚುವುದು ಈ ಕೆಲಸದಲ್ಲಿ ತೀರಾ ಸುಲಭದ ಭಾಗ. ಕಷ್ಟ ಇರುವುದು ಅದಕ್ಕೆ ಮುಂಚೆ, ಮತ್ತೆ ಅದಾದ ಮೇಲೆ. ಅದನ್ನು ತರಬೇತಿಯಲ್ಲಿ ನಿಮಗೆ ಯಾರೂ ಹೇಳಿಕೊಡುವುದಿಲ್ಲ. ನನಗೂ ಹೇಳಿಕೊಟ್ಟಿರಲಿಲ್ಲ.

ನನ್ನ ಹೆಸರು ನಾಗರತ್ನ, ಹೊಸಕೋಟೆಯಲ್ಲಿ ಮನೆ. ಮೊದಲ ಇಪ್ಪತ್ತು ವರ್ಷ ಆಸ್ಪತ್ರೆಗಳ ಲ್ಯಾಬಿನಲ್ಲಿ ಕಳೆದೆ. ಆಗ ಗಾಜಿನ ಸಿರಿಂಜು, ಕುದಿಸಿ ಕುದಿಸಿ ಮೊಂಡಾದ ಸೂಜಿ. ಟ್ಯೂಬಿನ ಮೇಲೆ ಪ್ಲಾಸ್ಟರ್ ಅಂಟಿಸಿ ಪೆನ್ನಿನಲ್ಲಿ ಹೆಸರು ಬರೆಯುತ್ತಿದ್ದೆವು. ಕೈ ಬೆವರಿದರೆ ಹೆಸರೂ ಹೋಯಿತು. ಕೊನೆಯ ಹನ್ನೊಂದು ವರ್ಷ ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಇದ್ದೆ. ನಮ್ಮ ಜನಕ್ಕೆ ಹೃದಯದ ಕಾಯಿಲೆ ಇಷ್ಟು ಚಿಕ್ಕ ವಯಸ್ಸಿಗೇ ಯಾಕೆ ಬರುತ್ತದೆ ಎಂದು ಹುಡುಕುವುದು ಅವರ ಕೆಲಸ. ಆರೋಗ್ಯವಾಗಿ ಓಡಾಡಿಕೊಂಡಿರುವವರ ರಕ್ತವನ್ನು ಅವರ ಒಪ್ಪಿಗೆ ಪಡೆದು ತೆಗೆದುಕೊಳ್ಳುವುದು, ಫ್ರೀಜರಿನಲ್ಲಿ ಇಡುವುದು, ಆಮೇಲೆ ವರ್ಷಾನುಗಟ್ಟಲೆ ಅವರು ಹೇಗಿದ್ದಾರೆ ಎಂದು ವಿಚಾರಿಸುತ್ತಾ ಇರುವುದು. ಬಡ್ತಿ ಗಿಡ್ತಿಯ ಕಥೆ ಇಲ್ಲಿಲ್ಲ. ಬಂದಿದ್ದರೆ ತಾನೇ ಬರೆಯುವುದು!

ನಾನು ಹೇಳಬೇಕೆಂದಿರುವುದು ನಂದಗುಡಿ ಹೋಬಳಿಯ ಒಂದು ಊರಿನ ವಿಷಯ. ಊರಿನ ಹೆಸರು ಬರೆಯುವುದಿಲ್ಲ, ಜನರ ಹೆಸರನ್ನೂ ಬದಲಾಯಿಸಿದ್ದೇನೆ. ಯಾಕೆ ಅಂತ ಓದಿದರೆ ನಿಮಗೇ ಗೊತ್ತಾಗುತ್ತದೆ.

ನಮ್ಮ ಪರೀಕ್ಷೆಗೆ ಖಾಲಿ ಹೊಟ್ಟೆಯ ರಕ್ತ ಬೇಕು. ಬೆಳಿಗ್ಗೆ ಏಳು ಗಂಟೆಯೊಳಗೆ ಜನ ಒಂದೆಡೆ ಸೇರಬೇಕು. ಮನೆಮನೆಗೆ ಹೋಗಿ ಕಾದು ಸೋತ ಮೇಲೆ ನನಗೆ ಹೊಳೆದದ್ದು ಹಾಲಿನ ಡೈರಿ. ಊರಿಗೆ ಊರೇ ಬೆಳಕು ಹರಿಯುವ ಹೊತ್ತಿಗೆ ಕ್ಯಾನು ಹಿಡಿದು ಅಲ್ಲಿಗೆ ಬರುತ್ತದೆ. ಕರೆಂಟು ಇದೆ, ಮೇಜು ಇದೆ, ಸಾಲಿನಲ್ಲಿ ನಿಲ್ಲುವ ಅಭ್ಯಾಸವೂ ಇದೆ. ಡೈರಿಯ ಸೆಕ್ರೆಟರಿ ಕೃಷ್ಣಪ್ಪ ಒಳ್ಳೆಯ ಮನುಷ್ಯ. "ಬನ್ನಿ ರತ್ನಕ್ಕ, ಈ ಕಡೆ ಹಾಲು, ಆ ಕಡೆ ರಕ್ತ. ಎರಡೂ ಒಂದೇ ಏಟಿಗೆ ಆಗೋಗ್ಲಿ" ಎಂದು ಜಾಗ ಬಿಟ್ಟುಕೊಟ್ಟ.

ಮೊದಲ ಸಲವೇ ಮುಖಭಂಗ. ಹಿಂದಿನ ದಿನ ಡಂಗುರ ಹೊಡೆದಂತೆ ಊರೆಲ್ಲ ತಿರುಗಿ, "ನಾಳೆ ಎಲ್ರೂ ಉಪವಾಸ ಇದ್ದು ಬನ್ನಿ" ಎಂದು ಹೇಳಿ ಬಂದಿದ್ದೆ. ಎಲ್ಲರೂ ಬಂದರು. ನಲವತ್ತು ಜನರ ರಕ್ತ ತೆಗೆದು ಖುಷಿಯಾಗಿ ಐಸ್ ಬಾಕ್ಸಿಗೆ ತುಂಬಿದೆ. ಕೊನೆಯಲ್ಲಿ ಒಬ್ಬ ಅಜ್ಜಿ ತೋಳು ಚಾಚಿ ಕೂತಳು. ಸೆರಗಿನಲ್ಲಿ ಒಗ್ಗರಣೆಯ ವಾಸನೆ. "ಏನಜ್ಜಿ, ಏನಾದ್ರೂ ತಿಂದ್ಯಾ?" ಎಂದೆ.

"ಅಯ್ಯೋ ಇಲ್ಲ ಕಣವ್ವ, ಉಪಾಸ. ಒಂದಿಷ್ಟು ಅವಲಕ್ಕಿ, ಎರಡು ಬಾಳೆಹಣ್ಣು, ಒಂದು ಲೋಟ ಹಾಲು, ಅಷ್ಟೇಯ."

ನನ್ನ ಬುದ್ಧಿಗಿಷ್ಟು! ಅವರು ಶನಿವಾರ ಶನಿವಾರ ಮಾಡುವ ಉಪವಾಸವೇ ಅದು. ಮುದ್ದೆ ಅನ್ನ ಮುಟ್ಟದಿದ್ದರೆ ಸಾಕು, ಅವಲಕ್ಕಿ ಉಪ್ಪಿಟ್ಟು ಲೆಕ್ಕಕ್ಕಿಲ್ಲ. ನಲವತ್ತು ಜನರೂ ಭಕ್ತಿಯಿಂದ ಉಪ್ಪಿಟ್ಟು ಅವಲಕ್ಕಿ ತಿಂದು ಬಂದಿದ್ದರು. ಇದನ್ನು ನಮ್ಮ ಡಾಕ್ಟರ್ ಮೇಡಂಗೆ ಹೇಳಿದಾಗ ಅವರು ನಗಲಿಲ್ಲ. "ನೀವು ಅವರೂರಿನ ಪಕ್ಕದವರೇ ತಾನೇ ನಾಗರತ್ನ? ನಿಮಗೇ ತಿಳೀಲಿಲ್ವಾ?" ಎಂದರು. ಆ ಮಾತು ಚುರುಕ್ ಎಂದಿತು, ಯಾಕೆಂದರೆ ನಮ್ಮಮ್ಮನೂ ಶನಿವಾರ ಹಾಗೇ ಮಾಡುತ್ತಿದ್ದಳು. ಆಮೇಲಿಂದ ನಾನು ಉಪವಾಸದ ಮಾತೇ ಎತ್ತಲಿಲ್ಲ. "ರಾತ್ರಿ ಊಟ ಆದ್ಮೇಲೆ ಬಾಯಿಗೆ ಏನೇನು ಹೋಯ್ತು ಹೇಳಿ. ಕಾಫಿ? ಎಲೆ ಅಡಿಕೆ? ಮಾವಿನಹಣ್ಣು?" ಎಂದು ಒಂದೊಂದಾಗಿ ಕೇಳುತ್ತಿದ್ದೆ. ನೀವೂ ಹಾಗೇ ಕೇಳಿ.

ಎರಡನೇ ಪಾಠ ಕಲಿಸಿದವನು ಚಂದ್ರಪ್ಪ. ಎರಡು ಎಕರೆಯಲ್ಲಿ ಟೊಮ್ಯಾಟೊ, ಬೀನ್ಸ್ ಬೆಳೆಯುತ್ತಿದ್ದ. ನಲವತ್ತರ ಗಟ್ಟಿ ಆಳು, ಬಾಯಿ ಇನ್ನೂ ಗಟ್ಟಿ. ಕುರ್ಚಿಯಲ್ಲಿ ಕೂತು ತೋಳು ಚಾಚಿದ. ನಾನು ಒಪ್ಪಿಗೆ ಪತ್ರ ಮುಂದಿಟ್ಟ ತಕ್ಷಣ ತೋಳು ಹಿಂದಕ್ಕೆ ಹೋಯಿತು.

"ರಕ್ತ ಎಷ್ಟು ಬೇಕಾದ್ರೂ ತಗೊಳ್ಳಕ್ಕ. ಸೈನ್ ಮಾತ್ರ ಕೇಳ್ಬೇಡ."

ನಾವು ಮೊದಲ ಸಲ ರಕ್ತ ತೆಗೆದು ಹೋದ ಮೇಲೆ ಆ ಕಡೆಯ ಜಮೀನಿನ ಮೇಲೆ ಯಾರ್ಯಾರದೋ ಕಣ್ಣು ಬಿದ್ದಿತ್ತು. ಯೋಜನೆ ಬರುತ್ತದೆ, ರಸ್ತೆ ಬರುತ್ತದೆ, ಕಾರ್ಖಾನೆ ಬರುತ್ತದೆ ಎಂದು ದಿನಕ್ಕೊಂದು ಸುದ್ದಿ. ಪ್ಯಾಂಟು ಹಾಕಿಕೊಂಡು ಕಾಗದ ಹಿಡಿದು ಬಂದವರನ್ನೆಲ್ಲ ಜನ ಅನುಮಾನದಿಂದ ನೋಡುತ್ತಿದ್ದರು. ಐದು ಪುಟದ ಪತ್ರ, ಕೊನೆಯಲ್ಲಿ ಹೆಬ್ಬೆಟ್ಟಿಗೆ ಜಾಗ. ಹೆದರದೆ ಇನ್ನೇನು ಮಾಡುತ್ತಾರೆ? ನಾನು ಪೆನ್ನು ತೆಗೆದು ಪತ್ರದ ನೆತ್ತಿಯ ಮೇಲೆ ದಪ್ಪ ಅಕ್ಷರದಲ್ಲಿ "ಇದಕ್ಕೂ ಜಮೀನಿಗೂ ಸಂಬಂಧವಿಲ್ಲ" ಎಂದು ಬರೆದು, ಕೆಳಗೆ ನನ್ನ ಸಹಿ ಹಾಕಿ ಅವನ ಕೈಗೆ ಕೊಟ್ಟೆ. ಅವನು ಎರಡು ಸಲ ಓದಿ, "ಈಗ ಸರಿಹೋಯ್ತು, ನಿನ್ ಜುಟ್ಟು ನನ್ ಕೈಲಿ" ಎಂದು ನಕ್ಕು ಸಹಿ ಮಾಡಿದ. ಅವನ ಹಿಂದೆ ಸಾಲು ಸಾಲಾಗಿ ಎಲ್ಲರೂ ಮಾಡಿದರು.

ಕಾನೂನಿನ ಪತ್ರದ ಮೇಲೆ ಗೀಚಿದ್ದಕ್ಕೆ ಡಾಕ್ಟರ್ ಮೇಡಂ ನನ್ನನ್ನು ಅರ್ಧ ಗಂಟೆ ಬೈದರು. ಮುಂದಿನ ಸಲ ಪತ್ರ ಅಚ್ಚಾಗಿ ಬಂದಾಗ ಅದೇ ಸಾಲು ಮೊದಲ ಪುಟದಲ್ಲೇ ಇತ್ತು. ಅವರು ಅಂಥವರು. ಬಾಯಲ್ಲಿ ತಪ್ಪು ಒಪ್ಪಿಕೊಳ್ಳುವುದು ಕಷ್ಟ, ಆದರೆ ಕೆಲಸದಲ್ಲಿ ತಿದ್ದಿಕೊಳ್ಳುತ್ತಿದ್ದರು.

ಆ ಪತ್ರದ ಮೂರನೇ ಪುಟದಲ್ಲಿ ಇನ್ನೊಂದು ಸಾಲಿತ್ತು. ಇದು ಸಂಶೋಧನೆ, ಚಿಕಿತ್ಸೆಯಲ್ಲ, ಆದ್ದರಿಂದ ಪರೀಕ್ಷೆಯ ಫಲಿತಾಂಶವನ್ನು ರಕ್ತ ಕೊಟ್ಟವರಿಗೆ ತಿಳಿಸಲಾಗುವುದಿಲ್ಲ. ಅದನ್ನೂ ಚಂದ್ರಪ್ಪನಿಗೆ ಓದಿ ಹೇಳಿದ್ದೆ. "ಹಾಲು ಹಾಕಿದ್ರೆ ಫ್ಯಾಟಾದ್ರೂ ಹೇಳ್ತಾರೆ. ನೀವು ಅದೂ ಇಲ್ಲ" ಎಂದಿದ್ದ. ನಗಿಸುವುದಕ್ಕೆ ಹೇಳಿದ ಮಾತು, ನಾನೂ ನಕ್ಕಿದ್ದೆ.

ಅದಾಗಿ ಎರಡು ವರ್ಷಕ್ಕೆ ಚಂದ್ರಪ್ಪ ಹೋಗಿಬಿಟ್ಟ. ಮಧ್ಯಾಹ್ನ ಹೊಲದಲ್ಲಿ ಔಷಧಿ ಹೊಡೆಯುತ್ತಿದ್ದವನು ಎದೆ ಹಿಡಿದುಕೊಂಡು ಬದುವಿನ ಮೇಲೆ ಕೂತನಂತೆ. ಹೆಂಡತಿ ಜಯಮ್ಮ ನೀರು ತರುವಷ್ಟರಲ್ಲಿ ಮುಗಿದಿತ್ತು. ಅವನ ಅಣ್ಣನೂ ನಲವತ್ತಾರಕ್ಕೆ ಹೀಗೇ ಹೋಗಿದ್ದನೆಂದು ತಿಥಿಯ ದಿನ ಯಾರೋ ಹೇಳಿದರು. ಜಯಮ್ಮ, ಮಗಳು ಶೋಭಾ, ಇಬ್ಬರೇ ಉಳಿದರು. ಶೋಭಾಳಿಗೆ ಆಗ ಹತ್ತೊಂಬತ್ತೋ ಇಪ್ಪತ್ತೋ.

ತಿಥಿ ಮುಗಿಸಿ ಬಂದ ವಾರ ನಾನು ಮಾಡಬಾರದ ಕೆಲಸ ಮಾಡಿದೆ. ಅವನ ನಂಬರು ಹುಡುಕಿ ಫೈಲು ತೆಗೆದು ನೋಡಿದೆ. ಕೊಲೆಸ್ಟರಾಲ್ ಮುನ್ನೂರ ತೊಂಬತ್ತು. ಇನ್ನೂರರ ಒಳಗೆ ಇರಬೇಕಾದದ್ದು. ಎರಡು ವರ್ಷದಿಂದ ಆ ಅಂಕಿ ಅಲ್ಲಿ ತಣ್ಣಗೆ ಕೂತಿತ್ತು. ಅದನ್ನು ನೋಡಿದವರಿಗೆ ಚಂದ್ರಪ್ಪ ಬರೀ ಒಂದು ನಂಬರು, ಚಂದ್ರಪ್ಪನನ್ನು ಬಲ್ಲವಳಿಗೆ ಅದನ್ನು ನೋಡುವ ಅಧಿಕಾರವಿರಲಿಲ್ಲ. ಸೀದಾ ಮೇಡಂ ಕೋಣೆಗೆ ಹೋಗಿ ಫೈಲನ್ನು ಮೇಜಿನ ಮೇಲೆ ಇಟ್ಟೆ.

"ಒಂದು ಮಾತು ಹೇಳಿದ್ರೆ ನಮ್ಮ ಗಂಟೇನು ಹೋಗ್ತಿತ್ತು ಮೇಡಂ?"

"ನಿಯಮ ಇದೆ ನಾಗರತ್ನ. ಸುಮ್ಮನೆ ಅಂಕಿ ಹೇಳಿ ಹೆದರಿಸಿ ಬಿಟ್ಟು ಬಂದ್ರೆ ಆಗಲ್ಲ. ಯಾರು ಹೇಳೋದು, ಹೇಗೆ ಹೇಳೋದು, ಆಮೇಲೆ ಯಾರು ನೋಡ್ಕೊಳ್ಳೋದು?"

"ನಾನು ಹೇಳ್ತೀನಿ."

ಆರು ತಿಂಗಳು ಜಗಳವಾಡಿದೆ. ಸಭೆಯಾಯಿತು, ಸಮಿತಿಯಾಯಿತು. ಕೊನೆಗೆ ನಿಯಮ ಬದಲಾಯಿತು. ಇನ್ನು ಮುಂದೆ ರಕ್ತ ಕೊಟ್ಟವರಿಗೆಲ್ಲ ಫಲಿತಾಂಶದ ಚೀಟಿ ಕೊಡುವುದು, ಹೆಚ್ಚು ಬಂದವರ ಮನೆಗೆ ಮೇಡಂ ಜೊತೆಯಲ್ಲಿ ಹೋಗಿ ಹೇಳುವುದು, ಪ್ರತಿ ಚೀಟಿಯನ್ನೂ ಮುಚ್ಚಿದ ಕವರಿನಲ್ಲಿ ಅವರವರ ಕೈಗೇ ಕೊಡುವುದು. ಗೆದ್ದೆ ಎಂದು ಬೀಗಿದೆ. ಆದರೆ ಚಂದ್ರಪ್ಪನ ಅಂಕಿಯ ವಿಷಯವನ್ನು ಜಯಮ್ಮನಿಗೆ ಹೇಳುವ ಧೈರ್ಯ ಮಾತ್ರ ನನಗೆ ಬರಲಿಲ್ಲ. ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎಂದು ಮುಂದೂಡುತ್ತಲೇ ಹೋದೆ.

ಅದರ ಬದಲು ಶೋಭಾಳ ಬೆನ್ನು ಬಿದ್ದೆ. ಅಪ್ಪ ದೊಡ್ಡಪ್ಪ ಇಬ್ಬರೂ ಹೀಗೆ ಹೋದ ಮನೆಯ ಮಗಳು, ರಕ್ತ ಪರೀಕ್ಷೆ ಆಗಲೇಬೇಕು. ಜಯಮ್ಮ ಒಪ್ಪಲು ಎರಡು ವರ್ಷ ಹಿಡಿಯಿತು. ಕಡೆಗೆ ಶೋಭಾ ತಾನೇ ಡೈರಿಗೆ ಬಂದು, ಪತ್ರವನ್ನು ಪೂರ್ತಿ ಓದಿ, ಸಹಿ ಹಾಕಿ, ತೋಳು ಕೊಟ್ಟಳು. ಅಪ್ಪನ ಹಾಗೇ ದಪ್ಪ ನರ, ಒಂದೇ ಸಲಕ್ಕೆ ಸಿಕ್ಕಿತು.

ಇನ್ನು ನನ್ನ ತಪ್ಪಿನ ವಿಷಯ. ಸುತ್ತಿ ಬಳಸಿ ಹೇಳುವುದಿಲ್ಲ.

ಚೀಟಿಗಳು ಬಂದ ದಿನ ನನಗೆ ಆತುರ. ಅವತ್ತೇ ಇನ್ನೊಂದು ಊರಿನ ಕ್ಯಾಂಪು, ಜೀಪಿನವನು ಹಾರನ್ ಹೊಡೆಯುತ್ತಿದ್ದ. ಅರವತ್ತು ಚೀಟಿ, ಕವರು ಮೂವತ್ತೂ ಇರಲಿಲ್ಲ. ಹೆಚ್ಚು ಬಂದವನ್ನು ಮೊದಲು ಬೇರೆ ತೆಗೆದಿಡಬೇಕಿತ್ತು, ತೆಗೆಯಲಿಲ್ಲ. ಎಲ್ಲವನ್ನೂ ಮಡಚಿ, ರಬ್ಬರ್ ಬ್ಯಾಂಡ್ ಹಾಕಿ ಕೃಷ್ಣಪ್ಪನ ಕೈಗಿಟ್ಟು, "ಹಾಲು ಹಾಕೋಕೆ ಬಂದೋರಿಗೆ ಅವರವರದ್ದು ಕೊಟ್ಬಿಡಪ್ಪ" ಎಂದು ಜೀಪು ಹತ್ತಿದೆ.

ಡೈರಿಯಲ್ಲಿ ಏನು ಪದ್ಧತಿ ಎಂದರೆ, ಪ್ರತಿಯೊಬ್ಬರ ಹಾಲನ್ನೂ ಯಂತ್ರಕ್ಕೆ ಹಾಕಿ, ಬಂದ ಫ್ಯಾಟನ್ನು ಸೆಕ್ರೆಟರಿ ಎಲ್ಲರಿಗೂ ಕೇಳುವಂತೆ ಕೂಗಿ ಹೇಳಬೇಕು. ಪಿಸುಗುಟ್ಟಿದರೆ ಮೋಸ, ಕೂಗಿದರೆ ನ್ಯಾಯ. ಕೃಷ್ಣಪ್ಪ ಇಪ್ಪತ್ತು ವರ್ಷದಿಂದ ಹಾಗೆ ಕೂಗಿಯೇ ಒಳ್ಳೆಯ ಹೆಸರು ತೆಗೆದವನು. ನನ್ನ ಚೀಟಿಗಳನ್ನೂ ಒಂದೊಂದೇ ಬಿಚ್ಚಿ ಕೂಗಿದ.

"ಮುನಿರಾಜಣ್ಣ, ನೂರ ಎಂಬತ್ತು! ಸಾಕಮ್ಮ, ಇನ್ನೂರ ಹತ್ತು! ಚಂದ್ರಪ್ಪನ ಮಗಳು ಶೋಭಾ..." ಅವನೇ ಒಂದು ಗಳಿಗೆ ನಿಂತನಂತೆ. "ಅಬ್ಬಬ್ಬಾ! ನಾನೂರ ಹನ್ನೆರಡು!"

ಸಾಲಿನಲ್ಲಿದ್ದವರೆಲ್ಲ ಹೋ ಎಂದರು. ಹಾಲಿನಲ್ಲಿ ಫ್ಯಾಟು ಹೆಚ್ಚು ಬಂದರೆ ಒಳ್ಳೆಯದು ತಾನೇ? "ಶೋಭಾ ಊರಿಗೇ ಫಸ್ಟು ಕಣ್ರೋ!" "ಏನ್ ಮೇವು ಹಾಕ್ತಿಯಾ ಜಯಕ್ಕ ಮಗಳಿಗೆ?" ಎಂದು ತಮಾಷೆ ಮಾಡಿದರು. ನೂರ ಐವತ್ತು ಬಂದವನೊಬ್ಬ ಸಪ್ಪೆ ಮುಖ ಹಾಕಿಕೊಂಡು ಮನೆಗೆ ಹೋದನಂತೆ. ಶೋಭಾ ಕ್ಯಾನು ಹಿಡಿದು ನಗುತ್ತಾ ಚೀಟಿ ತೆಗೆದುಕೊಂಡಳಂತೆ. ಇದನ್ನೆಲ್ಲ ಆಮೇಲೆ ಕೃಷ್ಣಪ್ಪನೇ ಅಳುತ್ತಾ ನನಗೆ ಹೇಳಿದ.

ಮೂರು ದಿನ ಅವಳು ಊರಿಗೆ ಫಸ್ಟಾಗಿಯೇ ಇದ್ದಳು. ನಾಲ್ಕನೇ ದಿನ ಪಟ್ಟಣದ ಆಸ್ಪತ್ರೆಯಲ್ಲಿ ಕೆಲಸಕ್ಕಿದ್ದ ಅದೇ ಊರಿನ ಒಬ್ಬ ಬಂದವನು, ಅದು ಹೆಚ್ಚಿದ್ದರೆ ಎದೆಗೆ ಅಪಾಯವೆಂದೂ, ಅಷ್ಟು ಹೆಚ್ಚು ಬರುವುದು ವಂಶದಿಂದಲೇ ಎಂದೂ ಬಿಡಿಸಿ ಹೇಳಿದ. ಮಡಕೆ ಬಾಯಿ ಮುಚ್ಚಬಹುದು, ಊರ ಬಾಯಿ ಮುಚ್ಚಲಾಗುತ್ತದೆಯೇ? ವಾರದೊಳಗೆ ಸುದ್ದಿ ಪಕ್ಕದ ತಾಲ್ಲೂಕಿನ ವಿಜಯಪುರ ಮುಟ್ಟಿತು. ಅಲ್ಲಿಯ ಒಂದು ಮನೆಗೆ ಶೋಭಾಳನ್ನು ಕೊಡುವುದೆಂದು ಮಾತಾಗಿತ್ತು, ನಿಶ್ಚಿತಾರ್ಥಕ್ಕೆ ದಿನವೂ ಗೊತ್ತಾಗಿತ್ತು. "ಹುಡುಗನಿಗೆ ಸದ್ಯಕ್ಕೆ ಗುರುಬಲ ಇಲ್ವಂತೆ, ಮುಂದೆ ನೋಡೋಣ" ಎಂದು ಅವರು ಹೇಳಿ ಕಳಿಸಿದರು. ಜಾತಕ ನೋಡುವಾಗ ಇದ್ದ ಗುರುಬಲ ಒಂದೇ ವಾರದಲ್ಲಿ ಎಲ್ಲಿಗೆ ಹೋಯಿತೋ!

ವಿಷಯ ತಿಳಿದ ದಿನ ನಾನು ಊಟ ಮಾಡಲಿಲ್ಲ. ನಾಚಿಕೆ, ಹೆದರಿಕೆ ಎರಡೂ ಆಯಿತು. ಮಾರನೇ ದಿನ ಮೇಡಂ ಜೊತೆ ಜಯಮ್ಮನ ಮನೆಗೆ ಹೋದೆ. ಅವಳು ಜಗಲಿಯಲ್ಲಿ ಕೂತು ಬೀನ್ಸ್ ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

"ಬಾ ರತ್ನಕ್ಕ, ಬಾ. ಇನ್ನೂ ಏನಾದ್ರೂ ಓದೋದು ಉಳ್ಕೊಂಡಿದ್ಯಾ?"

"ತಪ್ಪಾಯ್ತು ಜಯಮ್ಮ. ನನ್ನಿಂದಲೇ ಆಯ್ತು, ಕೃಷ್ಣಪ್ಪಂದೇನೂ ಇಲ್ಲ."

"ತಪ್ಪಾಯ್ತು ಅಂದ್ರೆ ಸಂಬಂಧ ವಾಪಸ್ ಬತ್ತದಾ? ಅವಳಪ್ಪ ಎದೆನೋವಲ್ಲಿ ಹೋದ್ರು. ಅದು ಅವರ ಹಣೆಬರಹ ಅಂತ ಊರೋರು ಸುಮ್ಕಿದ್ರು. ನೀವು ಬಂದು ಮನೆತನದ್ದೇ ಅಂತ ಮಾಡಿಟ್ರಿ."

ಮೇಡಂ ಶೋಭಾಳನ್ನು ಒಳಗೆ ಕರೆದು ಪರೀಕ್ಷಿಸಿದರು. ಸಮಾಧಾನವಾಗಿ, ಒಂದೊಂದಾಗಿ ಹೇಳಿದರು. ಈಗ ಏನೂ ಆಗಿಲ್ಲ, ಆದರೆ ಹೀಗೇ ಬಿಟ್ಟರೆ ಆಗುತ್ತದೆ. ದಿನಕ್ಕೊಂದು ಮಾತ್ರೆ, ಬಿಡದೆ, ಜೀವನಪೂರ್ತಿ. ಸಣ್ಣ ಮಾತ್ರೆ, ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಬರೆದು ಕೊಟ್ಟ ಚೀಟಿಯನ್ನು ಜಯಮ್ಮ ತೆಗೆದುಕೊಂಡು, ನಮ್ಮೆದುರಿಗೇ ನಾಲ್ಕಾಗಿ ಹರಿದು ಬೀನ್ಸ್ ಸಿಪ್ಪೆಯ ಜೊತೆ ಹಾಕಿದಳು.

"ದಿನಾ ಮಾತ್ರೆ ನುಂಗೋ ಹುಡುಗೀನ ಯಾರು ಮನೆ ತುಂಬಿಸ್ಕೋತಾರೆ? ನನ್ ಮಗಳಿಗೆ ಏನೂ ಆಗಿಲ್ಲ. ಹೊರಡಿ."

ಶೋಭಾ ಗೇಟಿನವರೆಗೆ ಬಂದಳು. "ನಾನು ನುಂಗ್ತೀನಿ ಅಂದ್ರೆ ಅಮ್ಮ ಊಟ ಬಿಡ್ತಾರೆ ಮೇಡಂ. ಸಂಬಂಧ ತಪ್ಪಿದ್ದಕ್ಕೇ ನಿನ್ನೆಯಿಂದ ನೀರೂ ಕುಡಿದಿಲ್ಲ" ಎಂದಳು. ಮಾತ್ರೆ ಬೇಡವೆಂದು ಅವಳು ಹೇಳಲಿಲ್ಲ. ಅಮ್ಮನನ್ನು ಮೀರುವ ಶಕ್ತಿ ಅವಳಿಗಿರಲಿಲ್ಲ, ಅಷ್ಟೇ.

ಆಮೇಲೆ ನಾನು ತಿಂಗಳಿಗೆ ಎರಡು ಸಲ ಆ ಮನೆಗೆ ಹೋದೆ. ಒಮ್ಮೆ ಬಾಗಿಲು ತೆರೆಯಲಿಲ್ಲ. ಒಮ್ಮೆ ಕಾಫಿ ಕೊಟ್ಟು ಮಾತಾಡಲಿಲ್ಲ. ಮತ್ತೊಮ್ಮೆ ಮೇಡಂ ಕೊಟ್ಟ ಮಾತ್ರೆಯ ಸ್ಟ್ರಿಪ್ಪನ್ನು ನಾನೇ ಗೋಡೆಯ ಗೂಡಿನಲ್ಲಿ ಇಟ್ಟು ಬಂದೆ. ಮುಂದಿನ ಸಲ ಅದು ಅಲ್ಲೇ, ಧೂಳು ಹಿಡಿದು ಕೂತಿತ್ತು. ದಿನಗಳು ಹೋಗುತ್ತಿದ್ದವು, ಆ ಹುಡುಗಿಯ ರಕ್ತ ಹಾಗೇ ಇತ್ತು. ಅಪ್ಪನಿಗೆ ಬಾಯಿ ಮುಚ್ಚಿಕೊಂಡು ಕೆಡುಕು ಮಾಡಿದೆವು, ಮಗಳಿಗೆ ಬಾಯಿ ತೆರೆದು ಕೆಡುಕು ಮಾಡಿದೆವು ಎಂದು ನನಗೆ ಅನ್ನಿಸುತ್ತಿತ್ತು. ಬಾಗಿಲು ತೆರೆಯದ ಆ ದಿನ ಬಸ್ ಸ್ಟಾಪಿನಲ್ಲಿ ಕೂತು ಅತ್ತುಬಿಟ್ಟೆ.

ಒಂದು ದಿನ ಜಯಮ್ಮ ತಾನೇ ಮಾತಾಡಿದಳು. "ನನ್ ಮಗಳ ರಕ್ತ ವಾಪಸ್ ಕೊಡಿ."

"ರಕ್ತ ವಾಪಸ್ ಕೊಡೋಕಾಗಲ್ಲ ಜಯಮ್ಮ" ಎಂದೆ. ಎಂದ ಕೂಡಲೇ ಪತ್ರದ ನಾಲ್ಕನೇ ಪುಟ ನೆನಪಾಯಿತು. ಕೊಟ್ಟವರು ಯಾವಾಗ ಬೇಕಾದರೂ ಬೇಡವೆನ್ನಬಹುದು, ಆಗ ಅವರ ಮಾದರಿಯನ್ನು ನಾಶಮಾಡಲಾಗುವುದು. ಸಾವಿರಾರು ಸಲ ಜನರಿಗೆ ಗಡಗಡನೆ ಓದಿದ್ದ ಸಾಲು, ಒಬ್ಬರೂ ಅದನ್ನು ಬಳಸಿರಲಿಲ್ಲ. ಹೇಳದೆ ಇದ್ದರೆ ಅವಳಿಗೆ ತಿಳಿಯುತ್ತಿರಲಿಲ್ಲ. ಆದರೆ ಇನ್ನೂ ಒಂದು ವಿಷಯವನ್ನು ಆ ಮನೆಯಿಂದ ಮುಚ್ಚಿಡಲು ನನಗೆ ಮನಸ್ಸಾಗಲಿಲ್ಲ. ಹೇಳಿದೆ. "ನನ್ ಕಣ್ಣೆದುರಿಗೇ ಆಗ್ಬೇಕು" ಎಂದಳು.

ಮೇಡಂಗೆ ಹೋಗಿ ಹೇಳಿದೆ. ಇಷ್ಟು ಹೆಚ್ಚು ಬಂದಿರುವ ಅಪ್ಪ ಮಗಳ ರಕ್ತ ಒಟ್ಟಿಗೆ ಸಿಗುವುದು ಅಪರೂಪ, ಅವರಿಗೆ ಅದು ಬಂಗಾರಕ್ಕಿಂತ ಹೆಚ್ಚು. "ಹೇಳಿದ್ದು ಒಳ್ಳೇದಾಯ್ತು. ಕರ್ಕೊಂಡು ಬನ್ನಿ" ಎಂದರು.

ನಾನು, ಜಯಮ್ಮ, ಶೋಭಾ ಮೂವರೂ ಬಸ್ಸಿನಲ್ಲಿ ಬೆಂಗಳೂರಿಗೆ ಹೋದೆವು. ಜಯಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದಳು.

ಫ್ರೀಜರಿನ ಕೋಣೆ ನೀವು ನೋಡಿರುತ್ತೀರಿ. ಆಳೆತ್ತರದ ಪೆಟ್ಟಿಗೆಗಳು, ಗುಂಯ್ ಎನ್ನುವ ಸದ್ದು. ಈಗ ಎಲ್ಲದಕ್ಕೂ ಬಾರ್‌ಕೋಡು. ಶೋಭಾಳ ಸಂಖ್ಯೆ ಹೊಡೆದಾಗ ಕಂಪ್ಯೂಟರಿನಲ್ಲಿ ಅದೇ ಮನೆಯದೆಂದು ಇನ್ನೊಂದು ಸಂಖ್ಯೆಯೂ ಬಂತು. ಜಯಮ್ಮ ಓದು ಬರಹ ಬಲ್ಲವಳು, ನೋಡಿಬಿಟ್ಟಳು.

"ಇನ್ನೊಂದು ಯಾರ್ದು?"

"ಚಂದ್ರಪ್ಪಂದು."

"ಅವರ್ದು ಇನ್ನೂ ಅದಾ?" ಎಂದಳು. "ಮಣ್ಣು ಮಾಡಿ ನಾಕು ವರ್ಷ ಆಯ್ತಲ್ಲ ರತ್ನಕ್ಕ!"

ತೋರಿಸಿ ಎಂದಳು. ಮೇಡಂ ತಲೆಯಾಡಿಸಿದರು. ನಾನು ದಪ್ಪ ಗ್ಲೌಸ್ ಹಾಕಿ ಒಂದು ಪುಟ್ಟ ಟ್ಯೂಬು ತೆಗೆದೆ. ಕಿರುಬೆರಳಿನಷ್ಟೂ ಇಲ್ಲ. ಮುಟ್ಟಬೇಡ, ಆ ಶೀತಕ್ಕೆ ಕೈ ಸುಟ್ಟಂತಾಗುತ್ತದೆ ಎನ್ನುವಷ್ಟರಲ್ಲಿ ಅವಳು ಸೆರಗನ್ನು ನಾಲ್ಕು ಮಡಿಕೆ ಮಾಡಿ ಒಡ್ಡಿದಳು. ಅದರಲ್ಲಿಟ್ಟೆ.

"ಕೆಂಪಗಿಲ್ವಲ್ಲ."

"ಕೆಂಪು ಭಾಗ ತೆಗೆದುಬಿಡ್ತೀವಿ. ಇದು ರಕ್ತದ ತಿಳಿ."

ಫ್ರೀಜರಿನಿಂದ ತೆಗೆದ ಟ್ಯೂಬು ಕರಗಿದರೆ ಕೆಟ್ಟಂತೆಯೇ ಲೆಕ್ಕ. ಒಂದು ನಿಮಿಷ ಹೆಚ್ಚು ಹೊರಗಿಟ್ಟದ್ದಕ್ಕೆ ನಮ್ಮನ್ನೆಲ್ಲ ಸಾಲಾಗಿ ನಿಲ್ಲಿಸಿ ಬೈಯುತ್ತಿದ್ದವರು ಮೇಡಂ. ಅವರು ಒಮ್ಮೆ ಗಡಿಯಾರ ನೋಡಿದರು. ಆಮೇಲೆ ಕಿಟಕಿಯ ಕಡೆ ತಿರುಗಿ ನಿಂತರು.

"ಇದ್ರಲ್ಲಿ ಎಷ್ಟು ಬಂದಿತ್ತು?" ಜಯಮ್ಮ ಕೇಳಿದಳು.

"ಮುನ್ನೂರ ತೊಂಬತ್ತು."

"ನಿಂಗೆ ಯಾವಾಗ ಗೊತ್ತಾಯ್ತು?"

"ಅವರ ತಿಥಿ ಆದ ವಾರ."

"ಇಲ್ಲಿ ಕಾಗದದಲ್ಲಿ ಯಾವಾಗಿಂದ ಇತ್ತು?"

"ಅವರು ಹೋಗೋಕೆ ಎರಡು ವರ್ಷ ಮುಂಚಿಂದ."

ಅವಳು ನನಗೆ ಹೊಡೆದಿದ್ದರೂ ಚೆನ್ನಾಗಿತ್ತು. ಹೊಡೆಯಲಿಲ್ಲ, ಅಳಲೂ ಇಲ್ಲ. ಸೆರಗನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದು ಎದೆಗೆ ಒತ್ತಿಕೊಂಡಳು. ಮೇಡಂ ತಿರುಗಿ ಅವಳ ಹತ್ತಿರ ಬಂದರು.

"ಆ ನಿಯಮ ಮಾಡಿದ್ದು ನಾನು ಜಯಮ್ಮ. ನಾಗರತ್ನ ಅಲ್ಲ. ತಪ್ಪು ನಂದು." ಹನ್ನೊಂದು ವರ್ಷದಲ್ಲಿ ಅವರ ಬಾಯಿಂದ ಆ ಮಾತು ಕೇಳಿದ್ದು ಅದೊಂದೇ ಸಲ.

"ಆಗ್ಲೇ ಹೇಳಿದ್ರೆ, ಆ ಮಾತ್ರೆ ನುಂಗಿದ್ರೆ, ಇರ್ತಿದ್ರಾ ಡಾಕ್ಟ್ರಮ್ಮ?"

"ಖಂಡಿತ ಇರ್ತಿದ್ರು ಅಂತ ಹೇಳಿದ್ರೆ ಸುಳ್ಳಾಗುತ್ತೆ. ಇರಬಹುದಾಗಿತ್ತು."

ಅಷ್ಟರಲ್ಲಿ ಸೆರಗು ಒದ್ದೆಯಾಗತೊಡಗಿತು. ಜಯಮ್ಮ ಬಿಚ್ಚಿ ನೋಡಿದಳು. ಒಳಗೆ ತಿಳಿಹಳದಿಯ ನಾಲ್ಕೈದು ಹನಿ ಅತ್ತಿತ್ತ ಅಲುಗಾಡುತ್ತಿತ್ತು.

"ಅಯ್ಯೋ, ಕರಗೋಯ್ತು. ಕೆಟ್ಟೋಯ್ತಾ?"

"ಪರವಾಗಿಲ್ಲ. ಅವರದ್ದು ಇನ್ನೂ ಮೂರು ಇವೆ" ಎಂದರು ಮೇಡಂ.

ಅಷ್ಟು ಹೊತ್ತು ಗೋಡೆಗೆ ಒರಗಿ ನಿಂತಿದ್ದ ಶೋಭಾ ಮುಂದೆ ಬಂದು ಅಮ್ಮನ ಕೈಯಿಂದ ಟ್ಯೂಬು ತೆಗೆದು ಮೇಜಿನ ಮೇಲೆ ಇಟ್ಟಳು. "ನಂದು ಏನೂ ತೆಗೀಬೇಡಿ ಮೇಡಂ. ಸೈನ್ ಹಾಕಿದ್ದು ನಾನು. ಅಪ್ಪನ ರಕ್ತದ ಜೊತೆ ಅದೂ ಇರ್ಲಿ" ಎಂದಳು. ಜಯಮ್ಮ ಅವಳನ್ನು ತಡೆಯಲಿಲ್ಲ. ಮಾದರಿ ನಾಶಮಾಡಲು ಸಹಿಗೆಂದು ತಂದಿಟ್ಟಿದ್ದ ಪತ್ರವನ್ನು ನಾನು ಮೆಲ್ಲಗೆ ಫೈಲಿನೊಳಗೆ ಸೇರಿಸಿದೆ. ಮೇಡಂ ಹೊಸದಾಗಿ ಮಾತ್ರೆಯ ಚೀಟಿ ಬರೆದು ಶೋಭಾಳ ಕಡೆ ಚಾಚಿದರು. ನಡುವೆ ಜಯಮ್ಮನ ಕೈ ಬಂದು ಅದನ್ನು ತೆಗೆದುಕೊಂಡಿತು. ಇದನ್ನೂ ಹರಿಯುತ್ತಾಳೆ ಎಂದುಕೊಂಡೆ. ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ನಡಿರಿ, ಹಸು ಕರೆಯೋ ಹೊತ್ತಾಗ್ತದೆ" ಎಂದಳು.

ಹೊಸಕೋಟೆ ಬಸ್ ನಿಲ್ದಾಣದಲ್ಲಿ ಇಳಿದಾಗ ಸಂಜೆ ಐದು ಗಂಟೆಯಿರಬೇಕು. ನಂದಗುಡಿ ಕಡೆಯ ಬಸ್ಸು ಹೊರಡಲು ಸಿದ್ಧವಾಗಿತ್ತು. ಶೋಭಾ ಹತ್ತಿ ಸೀಟಿಗೆ ಕರ್ಚೀಫು ಹಾಕಲು ಹೋದಳು. ಜಯಮ್ಮ ಹತ್ತಲಿಲ್ಲ. ರಸ್ತೆ ದಾಟಿ ಎದುರಿನ ಮೆಡಿಕಲ್ ಅಂಗಡಿಯ ಕಡೆ ನಡೆದಳು. ನಾನು ಹಿಂದೆಯೇ ಓಡಿದೆ.

ಅಂಗಡಿಯ ಮುಂದೆ ಐದಾರು ಜನ. ಅವರಲ್ಲಿ ಇಬ್ಬರು ಅವಳ ಊರಿನವರೇ. ಒಬ್ಬಳು ಕೃಷ್ಣಪ್ಪನ ಹೆಂಡತಿ, ಇನ್ನೊಬ್ಬಳು ವಿಜಯಪುರದ ಸಂಬಂಧಕ್ಕೆ ನಡುವೆ ನಿಂತು ಮಾತಾಡಿದ್ದ ಹೆಂಗಸು. ಜಯಮ್ಮನ ಸೆರಗು ಹಿಡಿದು, "ಕೊಡು ಇಲ್ಲಿ, ನಾನು ತಗೊಂಡು ಬರ್ತೀನಿ, ನೀನು ಬಸ್ಸು ಹತ್ತು" ಎಂದೆ.

ಅವಳು ನನ್ನ ಕೈ ಬಿಡಿಸಿದಳು. ಸೊಂಟದಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟಳು. ಅಂಗಡಿಯವನು ಓದಿ, ಪಕ್ಕದವರನ್ನು ನೋಡಿ, ಮುಂದಕ್ಕೆ ಬಾಗಿ ಮೆತ್ತಗೆ ಕೇಳಿದ. "ಯಾರಿಗಮ್ಮಾ ಇದು?"

"ನನ್ ಮಗಳಿಗಪ್ಪ, ಶೋಭಂಗೆ. ಅವಳಪ್ಪಂಗೆ ಇದ್ದದ್ದೇ ಇವಳಿಗೂ ಅದೆ. ಅವರಿಗೆ ಕೊಡಿಸ್ಲಿಲ್ಲ. ಇವಳಿಗೆ ಕೊಡು."

ಪಕ್ಕದಲ್ಲಿದ್ದವರು ಮಾತು ನಿಲ್ಲಿಸಿ ತಿರುಗಿ ನೋಡಿದರು. ಜಯಮ್ಮ ಅವರನ್ನೂ ನೋಡಿದಳು, ದನಿ ತಗ್ಗಿಸಲಿಲ್ಲ.